12 ಲಕ್ಷದವರು ಮಧ್ಯಮ ವರ್ಗವಾದರೆ ನಾವು ಯಾರು?

ಮಾನ್ಯ ಸಂಪಾದಕರೇ,

ಬಜೆಟ್ ಬಂದಾಗಲೆಲ್ಲ ನಿಮ್ಮದೂ ಸೇರಿ ಎಲ್ಲ ಪತ್ರಿಕೆಗಳಲ್ಲಿ ಒಂದು ತಲೆಬರಹ ಖಾಯಂ. ‘ಮಧ್ಯಮ ವರ್ಗಕ್ಕೆ ಬಂಪರ್’, ಇಲ್ಲವಾದರೆ ‘ಮಧ್ಯಮ ವರ್ಗಕ್ಕೆ ನಿರಾಸೆ’. 2025ರ ಫೆಬ್ರುವರಿ 1ರಂದು 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಅಂತ ಘೋಷಣೆಯಾದಾಗಲೂ ಇದೇ ಬಂತು. ಸಂಬಳದವರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷ. ಬಹಳ ಸಂತೋಷ, ಯಾರದೋ ತೆರಿಗೆ ಉಳಿದರೆ ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ತಿಂಗಳಿಗೆ ಒಂದು ಲಕ್ಷ ದುಡಿಯುವವರೇ ಮಧ್ಯಮ ವರ್ಗ ಅಂತ ನೀವು ಬರೆದರೆ, ಹುಬ್ಬಳ್ಳಿಯಲ್ಲಿ ನಿಜವಾಗಿ ನಡುವೆ ಇರುವವರನ್ನು ಏನಂತ ಕರೆಯುತ್ತೀರಿ?

ನಾನು ಅರ್ಥಶಾಸ್ತ್ರ ಓದಿದವನಲ್ಲ. ಹಳೇ ಹುಬ್ಬಳ್ಳಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದೇನೆ. ಜೆರಾಕ್ಸ್‌ನಿಂದ ಈಗ ಹೊಟ್ಟೆ ತುಂಬುವುದಿಲ್ಲ, ಹಾಗಾಗಿ ಆನ್‌ಲೈನ್ ಅರ್ಜಿ ತುಂಬುವುದೇ ಮುಖ್ಯ ಕೆಲಸ. ಸ್ಕಾಲರ್‌ಶಿಪ್, ರೇಷನ್ ಕಾರ್ಡ್, ಆದಾಯ ಪ್ರಮಾಣ ಪತ್ರ, ಲೋನಿನ ಕಾಗದ, ಹುಡುಗ-ಹುಡುಗಿಯರ ಬಯೋಡೇಟಾ, ಎಲ್ಲಾ ನನ್ನ ಕಂಪ್ಯೂಟರ್ ಮೇಲೆಯೇ ಆಗುತ್ತದೆ. ಊರಿನ ಜನ ತಮ್ಮ ಆದಾಯ ಎಷ್ಟು ಅಂತ ಹೆಂಡತಿಗೆ ಹೇಳುತ್ತಾರೋ ಇಲ್ಲವೋ ಗೊತ್ತಿಲ್ಲ, ನನಗಂತೂ ಹೇಳಬೇಕು. ಅದಕ್ಕೇ ಈ ಪತ್ರ.

ಮೊದಲು ಲೆಕ್ಕ ನೋಡೋಣ. ಕೇಂದ್ರ ಸರ್ಕಾರವೇ ಮಾಡಿಸಿದ 2023-24ರ ಮನೆಖರ್ಚಿನ ಸಮೀಕ್ಷೆ ಪ್ರಕಾರ ದೇಶದ ನಗರಗಳಲ್ಲಿ ಒಬ್ಬ ವ್ಯಕ್ತಿಯ ತಿಂಗಳ ಸರಾಸರಿ ಖರ್ಚು 6,996 ರೂಪಾಯಿ, ಹಳ್ಳಿಗಳಲ್ಲಿ 4,122. ನಾಲ್ಕು ಜನರ ಮನೆ ಅಂದರೆ ನಗರದಲ್ಲಿ ಸುಮಾರು 28 ಸಾವಿರ, ಹಳ್ಳಿಯಲ್ಲಿ ಹದಿನಾರೂವರೆ ಸಾವಿರ. ಅದೂ ಸರಾಸರಿ. ದೊಡ್ಡ ಬಂಗಲೆಯವರ ಖರ್ಚೂ ಅದರಲ್ಲಿ ಸೇರಿರುತ್ತದೆ, ಹಾಗಾಗಿ ಅರ್ಧಕ್ಕಿಂತ ಜಾಸ್ತಿ ಮನೆಗಳು ಇದಕ್ಕಿಂತ ಕೆಳಗೇ ಇರುತ್ತವೆ. ಖಾಯಂ ಸಂಬಳದ ಕೆಲಸ ಇರುವವರ ಸರಾಸರಿ ಗಳಿಕೆ ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ ತಿಂಗಳಿಗೆ 20 ಸಾವಿರದ ಆಸುಪಾಸಿನಲ್ಲಿದೆ. 2024ರ ಜುಲೈ 31ರವರೆಗೆ ಇಡೀ ದೇಶದಲ್ಲಿ ಸಲ್ಲಿಕೆಯಾದ ಆದಾಯ ತೆರಿಗೆ ರಿಟರ್ನ್ 7.28 ಕೋಟಿ. ಅದರಲ್ಲೂ ಎಷ್ಟೋ ಜನ ಬರೀ ಲೋನಿಗೆ, ವೀಸಾಕ್ಕೆ ಬೇಕು ಅಂತ ರಿಟರ್ನ್ ಹಾಕುವವರು, ತೆರಿಗೆ ಸೊನ್ನೆ. 140 ಕೋಟಿ ಜನರ ದೇಶದಲ್ಲಿ ತಿಂಗಳಿಗೆ ಲಕ್ಷ ದುಡಿಯುವವನು ನಡುವಿನವನಲ್ಲ ಸಂಪಾದಕರೇ, ಏಣಿಯ ತುದಿ ಹತ್ತಿರ ಕುಂತವನು. ಬೆಂಗಳೂರಿನ ಅಪಾರ್ಟ್‌ಮೆಂಟ್ ಬಾಡಿಗೆ ಕಟ್ಟಿ ಆತನಿಗೆ ಕೈ ಬರಿದಾಗುತ್ತದೆ ಅನ್ನುವುದೂ ನಿಜವೇ ಇರಬಹುದು. ಕೈ ಬರಿದಾಯಿತು ಅಂದ ಮಾತ್ರಕ್ಕೆ ನಡುವೆ ಬಂದ ಹಾಗಾಗುವುದಿಲ್ಲ.

ಇನ್ನು ಸರ್ಕಾರದ ಗೆರೆಗಳು. ಇವನ್ನು ಒಟ್ಟಿಗೆ ಇಟ್ಟು ನೋಡಿದರೆ ತಲೆ ತಿರುಗುತ್ತದೆ.

ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡ್ ಬೇಕಾದರೆ ಕುಟುಂಬದ ವಾರ್ಷಿಕ ಆದಾಯ 1.2 ಲಕ್ಷದ ಒಳಗಿರಬೇಕು. ತಿಂಗಳಿಗೆ 10 ಸಾವಿರ. ನಮ್ಮ ಕಡೆ ಗೌಂಡಿ ಕೈಕೆಳಗೆ ದುಡಿಯುವವನಿಗೆ ದಿನಕ್ಕೆ 500 ಅಂತ ಹಿಡಿಯಿರಿ, ತಿಂಗಳಿಗೆ 25 ದಿನ ಕೆಲಸ ಸಿಕ್ಕರೆ ವರ್ಷಕ್ಕೆ ಒಂದೂವರೆ ಲಕ್ಷ. ಹೆಂಡತಿ ನಾಲ್ಕು ಮನೆ ಕೆಲಸಕ್ಕೆ ಹೋದರೆ ಇನ್ನೂ ಜಾಸ್ತಿ. ನಿಯಮ ಹಿಡಿದು ಕುಂತರೆ ಆತ ಬಡವನೇ ಅಲ್ಲ! ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರ ಸಿಗುವ ಕೇಂದ್ರದ ಸ್ಕಾಲರ್‌ಶಿಪ್‌ಗೆ ಗೆರೆ 2.5 ಲಕ್ಷ. ಆದರೆ 2019ರಲ್ಲಿ ಸಂವಿಧಾನಕ್ಕೆ 103ನೇ ತಿದ್ದುಪಡಿ ತಂದು ‘ಆರ್ಥಿಕವಾಗಿ ದುರ್ಬಲ’ರಿಗೆ 10% ಮೀಸಲಾತಿ ಕೊಟ್ಟರಲ್ಲ, ಅಲ್ಲಿ ಗೆರೆ 8 ಲಕ್ಷ. ಹಿಂದುಳಿದ ವರ್ಗದವರ ಕೆನೆಪದರಕ್ಕೂ, ಅಂದರೆ ಸ್ಥಿತಿವಂತರು ಅಂತ ಮೀಸಲಾತಿಯಿಂದ ಹೊರಗಿಡುವುದಕ್ಕೂ, 2017ರಿಂದ 8 ಲಕ್ಷವೇ. ಅಂಕಿ ಒಂದೇ, ಎಣಿಸುವ ರೀತಿ ಬೇರೆ. ಮೊದಲನೆಯದರಲ್ಲಿ ಸಂಬಳ, ಹೊಲದ ಉತ್ಪನ್ನ, ವ್ಯಾಪಾರ ಎಲ್ಲ ಕೂಡಿಸುತ್ತಾರೆ, ಎರಡನೆಯದರಲ್ಲಿ ಸಂಬಳ ಮತ್ತು ಹೊಲದ ಆದಾಯ ಬಿಟ್ಟು ಉಳಿದದ್ದನ್ನು ನೋಡುತ್ತಾರೆ. ಒಬ್ಬರಿಗೆ 8 ಲಕ್ಷ ಅಂದರೆ ದುರ್ಬಲ, ಇನ್ನೊಬ್ಬರಿಗೆ ಅದೇ 8 ಲಕ್ಷ ದಾಟಿದರೆ ಕೆನೆ.

ಈಗ ವರ್ಷಕ್ಕೆ ಏಳೂವರೆ ಲಕ್ಷ ಬರುವ, ಬೇರೆ ಮೀಸಲಾತಿ ಇಲ್ಲದ ಒಂದು ಸಂಸಾರ ವಿದ್ಯಾನಗರದಲ್ಲಿದೆ ಅಂತಿಟ್ಟುಕೊಳ್ಳಿ. ಹೊಲ, ದೊಡ್ಡ ಮನೆ ಏನಿಲ್ಲ. ಮಗ ಕೇಂದ್ರದ ನೌಕರಿಗೆ ಅರ್ಜಿ ಹಾಕುವಾಗ ಆ ಸಂಸಾರ ದುರ್ಬಲ. ಆಹಾರ ಇಲಾಖೆ ಕಣ್ಣಿಗೆ ಸ್ಥಿತಿವಂತ. ತೆರಿಗೆ ಇಲಾಖೆ ಕಣ್ಣಿಗೆ ತೆರಿಗೆ ಕೊಡುವಷ್ಟು ಇಲ್ಲದವರು. ನಿಮ್ಮ ಪತ್ರಿಕೆಯಲ್ಲಿ ಮಧ್ಯಮ ವರ್ಗ. ಒಂದೇ ಮನೆ, ಒಂದೇ ದಿನ. ಸಂಶೋಧನೆ ಮಾಡುವವರಾದರೂ ಒಂದು ಮಾತಿಗೆ ಬಂದಿದ್ದಾರಾ ಅಂದರೆ ಅದೂ ಇಲ್ಲ. ಪ್ರೈಸ್ ಅನ್ನುವ ಸಂಸ್ಥೆ 2020-21ರ ಬೆಲೆ ಲೆಕ್ಕದಲ್ಲಿ ವರ್ಷಕ್ಕೆ 5 ಲಕ್ಷದಿಂದ 30 ಲಕ್ಷದವರೆಗಿನ ಮನೆಗಳನ್ನು ಮಧ್ಯಮ ವರ್ಗ ಅಂದಿದೆ, ದೇಶದ ಜನರಲ್ಲಿ 31% ಹೀಗಿದ್ದಾರೆ ಅಂತ ಹೇಳಿದೆ. 5 ಲಕ್ಷದವನನ್ನೂ 30 ಲಕ್ಷದವನನ್ನೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡಿಸಿದರೆ ಇಬ್ಬರೂ ಮಾತಾಡಲಿಕ್ಕೆ ವಿಷಯ ಹುಡುಕಬೇಕಾಗುತ್ತದೆ.

ಅಷ್ಟಕ್ಕೂ ಈ ಆದಾಯ ಅನ್ನುವ ಅಂಕಿಯೇ ಎಷ್ಟು ಗಟ್ಟಿ? ಇದನ್ನು ನಾನು ದಿನಾ ನೋಡುತ್ತೇನೆ.

ಆದಾಯ ಪ್ರಮಾಣ ಪತ್ರಕ್ಕೆ ಅರ್ಜಿ ತುಂಬಲು ಬಂದವರನ್ನು ‘ಎಷ್ಟು ಬರೀಲ್ರಿ?’ ಅಂತ ಕೇಳಿದರೆ ಬರುವ ಉತ್ತರ ಬಹುಪಾಲು ಒಂದೇ. ‘ಎಷ್ಟು ಬರದ್ರ ಸ್ಕಾಲರ್‌ಶಿಪ್ ಸಿಗತೈತಿ ಅಷ್ಟ ಬರೀರಿ ಅಣ್ಣಾರ.’ ಅದೇ ಮನುಷ್ಯ ಸ್ವಲ್ಪ ದಿನ ಬಿಟ್ಟು ಬೈಕ್ ಲೋನಿನ ಕಾಗದ ತರುತ್ತಾನೆ. ಮಗನ ಸ್ಕಾಲರ್‌ಶಿಪ್‌ಗೆ ವರ್ಷಕ್ಕೆ 40 ಸಾವಿರ ಇದ್ದವನು ಲೋನಿಗೆ ಬಂದಾಗ ತಿಂಗಳಿಗೆ 40 ಸಾವಿರ ಆಗಿರುತ್ತಾನೆ. ಇನ್ನೂ ಮೂರನೆಯದೊಂದಿದೆ, ಮದುವೆ ಬಯೋಡೇಟಾ. ಅಲ್ಲಿ ಆದಾಯದ ಜೊತೆಗೆ ಹೊಲ, ಪ್ಲಾಟು, ಬೆಂಗಳೂರಿನಲ್ಲಿರುವ ಕಾಕಾನ ಮಗ ಎಲ್ಲ ಬರುತ್ತಾರೆ. ನಗುವ ಮಾತಲ್ಲ ಇದು. ಇವರು ಸುಳ್ಳರು ಅಂತ ನಾನು ಹೇಳುತ್ತಿಲ್ಲ. ನಿಜವಾದ ಅಂಕಿ ಅವರಿಗೂ ಗೊತ್ತಿರುವುದಿಲ್ಲ. ಚಹಾ ಅಂಗಡಿಯವನು ಗಲ್ಲೆಯಿಂದಲೇ ಹಾಲಿಗೆ ಕೊಟ್ಟು, ಅದರಿಂದಲೇ ಮನೆಗೆ ಕಾಯಿಪಲ್ಲೆ ಒಯ್ದು, ಅದರಿಂದಲೇ ಪಿಗ್ಮಿ ಕಟ್ಟಿದರೆ ವರ್ಷದ ಆದಾಯ ಎಷ್ಟು ಅಂತ ಯಾವ ಪುಸ್ತಕದಲ್ಲಿ ನೋಡಬೇಕು?

ದೊಡ್ಡವರಿಗೂ ಇದು ಗೊತ್ತು. ಅದಕ್ಕೇ ಸರ್ಕಾರ ಇಷ್ಟು ವರ್ಷ ಜನರ ಖರ್ಚು ಕೇಳಿತು, ಆದಾಯ ಕೇಳಲಿಲ್ಲ. 1960ರ ದಶಕದಲ್ಲಿ, ಆಮೇಲೆ 1980ರ ದಶಕದಲ್ಲಿ ಪ್ರಯೋಗಕ್ಕೆ ಅಂತ ಕೇಳಿ ನೋಡಿದ್ದರು. ಜನ ಹೇಳಿದ ಆದಾಯ, ಅವರೇ ಹೇಳಿದ ಖರ್ಚು ಮತ್ತು ಉಳಿತಾಯಕ್ಕಿಂತ ಕಡಿಮೆ ಬಂತು! ಅಲ್ಲಿಗೆ ಬಿಟ್ಟರು. ಈಗ 2026ರಲ್ಲಿ ದೇಶದ ಮೊದಲ ಕೌಟುಂಬಿಕ ಆದಾಯ ಸಮೀಕ್ಷೆ ಮಾಡುತ್ತೇವೆ ಅಂತ ಕೇಂದ್ರ ಅಂಕಿಅಂಶ ಸಚಿವಾಲಯ 2025ರಲ್ಲಿ ಹೇಳಿದೆ. ಮಾಡಲಿ. ಮನೆಗೆ ಬರುವ ಆ ಗಣತಿದಾರರ ಬಗ್ಗೆ ನನಗೆ ಈಗಲೇ ಮರುಕ ಇದೆ.

ಸೋಪು, ಟಿವಿ ಮಾರುವ ಕಂಪನಿಗಳು ಈ ವಿಷಯದಲ್ಲಿ ಸರ್ಕಾರಕ್ಕಿಂತ ಶಾಣ್ಯಾ. 2011ರಲ್ಲಿ ಮಾರುಕಟ್ಟೆ ಸಮೀಕ್ಷೆಯವರು ಮನೆಗಳನ್ನು ದರ್ಜೆ ಮಾಡಲು ಒಂದು ಹೊಸ ಪದ್ಧತಿ ತಂದರು. ಅದರಲ್ಲಿ ಆದಾಯದ ಪ್ರಶ್ನೆಯೇ ಇಲ್ಲ. ಮನೆಯಲ್ಲಿ ಮುಖ್ಯವಾಗಿ ದುಡಿಯುವವರು ಎಷ್ಟು ಓದಿದ್ದಾರೆ, ಮತ್ತು 11 ವಸ್ತುಗಳಲ್ಲಿ ಎಷ್ಟಿವೆ, ಇಷ್ಟೇ. ಕರೆಂಟು, ಫ್ಯಾನು, ಗ್ಯಾಸ್, ಬೈಕು ಅಥವಾ ಸ್ಕೂಟರು, ಕಲರ್ ಟಿವಿ, ಫ್ರಿಜ್, ವಾಷಿಂಗ್ ಮಷೀನ್, ಕಂಪ್ಯೂಟರ್, ಕಾರು, ಎಸಿ, ಕೊನೆಗೆ ಹೊಲ. ಆದಾಯ ಮುಚ್ಚಿಡಬಹುದು, ಫ್ರಿಜ್ ಎಲ್ಲಿ ಮುಚ್ಚಿಡುತ್ತೀರಿ? ಆದರೆ ಇದಕ್ಕೂ ಈಗ ಕಾಲ ಮುಗಿದ ಹಾಗೆ ಕಾಣುತ್ತದೆ. ಕೊಪ್ಪಿಕರ್ ರೋಡಿನಲ್ಲಿ ಸೊನ್ನೆ ಡೌನ್ ಪೇಮೆಂಟಿಗೆ ಫ್ರಿಜ್ ಸಿಗುವಾಗ, ಮನೆಯಲ್ಲಿ ಫ್ರಿಜ್ ಇದೆ ಅಂದರೆ ಅಲ್ಲೊಂದು ಇಎಂಐ ಇದೆ ಅಂತಲೂ ಅರ್ಥ.

ಹಾಗಾದರೆ ವರ್ಗ ಅಂದರೆ ಏನು ಅಂತ ನೀವು ಕೇಳಬಹುದು. ನನಗೆ ತಿಳಿದದ್ದು ಇಷ್ಟು. ತಿಂಗಳಿಗೆ ಎಷ್ಟು ಬರುತ್ತದೆ ಅನ್ನುವುದಕ್ಕಿಂತ, ಎರಡು ತಿಂಗಳು ಬರದೇ ಹೋದರೆ ಏನಾಗುತ್ತದೆ ಅನ್ನುವುದರಲ್ಲಿ ವರ್ಗ ಇದೆ.

ನನ್ನ ಗಿರಾಕಿಗಳಲ್ಲೇ ಇಬ್ಬರನ್ನು ಹೇಳುತ್ತೇನೆ, ಹೆಸರು ಬೇಡ. ಒಬ್ಬರು ರೈಲ್ವೆಯಿಂದ ನಿವೃತ್ತರಾದವರು. ಪಿಂಚಣಿ ತಿಂಗಳಿಗೆ 35 ಸಾವಿರ. ಕೇಶ್ವಾಪುರದ ಕಡೆ ಸಾಲ ತೀರಿದ ಸ್ವಂತ ಮನೆ. ಮೈ ಹುಷಾರಿಲ್ಲ ಅಂದರೆ ರೈಲ್ವೆ ಆಸ್ಪತ್ರೆ. ಮಕ್ಕಳ ಮದುವೆ ಮುಗಿದಿದೆ. ಪಿಂಚಣಿ ತಿಂಗಳ ಕೊನೆಗೆ ಬಂದು ಬೀಳುತ್ತದೆ, ಮಳೆ ಬರಲಿ ಬಿಡಲಿ, ಆಮೇಲೆ ತುಟ್ಟಿಭತ್ಯೆ ಏರಿದರೆ ಅದೂ ಏರುತ್ತದೆ. ಇನ್ನೊಬ್ಬ ಹುಡುಗ, ಒಂದು ಖಾಸಗಿ ಫೈನಾನ್ಸ್ ಕಂಪನಿಯಲ್ಲಿ ಸಾಲ ವಸೂಲಿಗೆ ಹೋಗುತ್ತಾನೆ. ಅವನಿಗೂ 35 ಸಾವಿರ, ಇನ್ಸೆಂಟಿವ್ ಬಂದ ತಿಂಗಳಲ್ಲಿ. ಬಾರದ ತಿಂಗಳಲ್ಲಿ 22. ಬಾಡಿಗೆ ಮನೆಗೆ 9 ಸಾವಿರ, ಬೈಕಿನ ಕಂತು, ಅಪ್ಪನ ಶುಗರ್ ಗುಳಿಗೆ, ತಂಗಿಯ ಕಾಲೇಜಿನ ಫೀ, ಹೋದ ವರ್ಷ ತಾಯಿಗೆ ಆಪರೇಷನ್ ಆದಾಗ ಮಾಡಿದ ಕೈಗಡ. ಬೇರೆಯವರ ಮನೆ ಬಾಗಿಲಿಗೆ ಹೋಗಿ ಕಂತು ಕಟ್ಟಿ ಅನ್ನುವವನಿಗೇ ಕಂತಿನ ಫೋನು ಬರುತ್ತಿರುತ್ತದೆ.

ಹುಡುಗನಿಗೆ ಇನ್ಸೆಂಟಿವ್ ಬಂದ ತಿಂಗಳನ್ನೇ ಹಿಡಿದು ಬರೆದರೆ, ಇಬ್ಬರ ವಾರ್ಷಿಕ ಆದಾಯವೂ ಕಾಗದದ ಮೇಲೆ 4.2 ಲಕ್ಷ. ಇಬ್ಬರನ್ನೂ ಒಂದೇ ವರ್ಗ ಅನ್ನುವವರು ನನ್ನ ಅಂಗಡಿಗೆ ಬಂದು ಅರ್ಧ ತಾಸು ಕುಂತು ಹೋಗಲಿ. ಯಜಮಾನರು ಬಂದರೆ ಪಿಎಫ್, ಎಫ್‌ಡಿ ಅಂತ ಮಾತು. ಹುಡುಗ ಬಂದರೆ ಸಿಬಿಲ್ ಸ್ಕೋರ್ ಎಷ್ಟಾಯಿತು ನೋಡ್ರಿ ಅನ್ನುವ ಮಾತು.

ರೈತರ ಕಥೆ ಇನ್ನೂ ಬೇರೆ. ಬ್ಯಾಡಗಿ, ಹಾವೇರಿ ಕಡೆ, ಇತ್ತ ಗದಗ, ಕುಂದಗೋಳದಲ್ಲಿ ಮೆಣಸಿನಕಾಯಿ ಬೆಳೆಯುವವರನ್ನು ನೋಡಿ. ದರ ಬಂದ ವರ್ಷ ಟ್ರ್ಯಾಕ್ಟರ್ ತರುತ್ತಾರೆ, ಮನೆ ಮೇಲೆ ಮಹಡಿ ಎಬ್ಬಿಸುತ್ತಾರೆ. ದರ ಬಿದ್ದ ವರ್ಷ ಆ ಮಹಡಿಗೆ ಗಿಲಾವು ಆಗುವುದಿಲ್ಲ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಕುಸಿದು ಏನೆಲ್ಲ ಆಯಿತು ನಿಮ್ಮ ಪತ್ರಿಕೆಯಲ್ಲೇ ಬಂದಿದೆ. ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ಬರೆದ ದರ ನೋಡಿ ಒಂದು ವರ್ಷದ ಸಂಸಾರ ಮೇಲೆ ಕೆಳಗೆ ಆಗುವವರನ್ನು ಯಾವ ವರ್ಗಕ್ಕೆ ಹಾಕುತ್ತೀರಿ? ಆದಾಯ ಪ್ರಮಾಣ ಪತ್ರಕ್ಕೆ ನಮ್ಮಲ್ಲಿ 5 ವರ್ಷ ಅವಧಿ. ದರ ಬಂದ ವರ್ಷ ತಲಾಠಿ (ಗ್ರಾಮ ಲೆಕ್ಕಿಗ) ಬರೆದ ಅಂಕಿ, ನೆಲಕಚ್ಚಿದ ವರ್ಷಕ್ಕೂ ನಡೆಯುತ್ತದೆ. ಉಲ್ಟಾ ಕೂಡ ನಿಜ ಅನ್ನಿ. ಹತ್ತಿಪ್ಪತ್ತು ಎಕರೆ ನೀರಾವರಿ ಇದ್ದವರ ಪ್ರಮಾಣ ಪತ್ರದಲ್ಲಿ ವರ್ಷಕ್ಕೆ 30 ಸಾವಿರ ಅಂತ ಇರುವುದನ್ನೂ ನಾನೇ ಪ್ರಿಂಟ್ ತೆಗೆದು ಕೊಟ್ಟಿದ್ದೇನೆ. ಹೊಲದ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ಬೇರೆ ಕಡೆ ಅದು ದಾಖಲಾಗುವುದು ಕಡಿಮೆ.

ಮದುವೆ ಮಾತು ಬಂದಾಗ ಈ ಆದಾಯದ ಲೆಕ್ಕ ಪೂರ್ತಿ ಕೈಕೊಡುತ್ತದೆ. ಎಂಟು ಎಕರೆ ಹೊಲ ಇದ್ದ ಹುಡುಗನಿಗೆ ಉತ್ತರ ಕರ್ನಾಟಕದಲ್ಲಿ ಕನ್ಯಾ ಸಿಗುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಸರ್ಕಾರಿ ಕಚೇರಿಯಲ್ಲಿ ಜವಾನನಾಗಿದ್ದರೆ ಎರಡು ಮೂರು ಕಡೆಯಿಂದ ಫೋಟೋ ಬರುತ್ತದೆ. ಹೊಲದವನು ಒಂದೊಂದು ವರ್ಷ ಜವಾನನಿಗಿಂತ ಡಬಲ್ ದುಡಿದಿರಬಹುದು. ಹುಡುಗಿ ಮನೆಯವರು ಡಬಲ್ ನೋಡುವುದಿಲ್ಲ, ‘ನೌಕರಿ ಪರ್ಮನೆಂಟ್ ಐತೇನ್ರಿ’ ಅಂತ ಕೇಳುತ್ತಾರೆ. ಬಹಳ ಜನ ಇದನ್ನು ಬೈಯುತ್ತಾರೆ, ಈಗಿನ ಹುಡುಗಿಯರಿಗೆ ಮಣ್ಣು ಬೇಡ ಅಂತ. ನನಗೇನೋ ಆ ತಾಯಿ-ತಂದೆಯರು ಅರ್ಥಶಾಸ್ತ್ರಜ್ಞರಿಗಿಂತ ಚೆನ್ನಾಗಿ ಲೆಕ್ಕ ಹಾಕಿದ್ದಾರೆ ಅನಿಸುತ್ತದೆ. ಧಾರವಾಡದ ಸಪ್ತಾಪುರದಲ್ಲಿ ಸಣ್ಣ ಸಣ್ಣ ರೂಮು ಹಿಡಿದು, ಮನೆಯಿಂದ ಬುತ್ತಿ ತರಿಸಿಕೊಂಡು, ವರ್ಷಗಟ್ಟಲೆ ಪರೀಕ್ಷೆಗೆ ಓದುವ ಸಾವಿರಾರು ಹುಡುಗರು-ಹುಡುಗಿಯರು ಹುಡುಕುತ್ತಿರುವುದೂ ಇದನ್ನೇ. ಅಲ್ಲಿ ಕುಂತವರಲ್ಲಿ ಎಷ್ಟೋ ಮಂದಿ ಡೆಲಿವರಿ ಕೆಲಸಕ್ಕೋ ಅಂಗಡಿ ಕೆಲಸಕ್ಕೋ ಹೋದರೆ ಇವತ್ತೇ ದುಡಿಯಬಹುದು.

ಮರ್ಯಾದೆಯ ಲೆಕ್ಕ ಮತ್ತೊಂದು. ನಮ್ಮ ಓಣಿಯಲ್ಲಿ ರೊಟ್ಟಿ ಕೇಂದ್ರ ನಡೆಸುವ ಅಕ್ಕಾರಿದ್ದಾರೆ. ನಾಲ್ಕು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟಿದ್ದಾರೆ, ಖಾನಾವಳಿಗಳಿಗೆ ದಿನಾ ಜೋಳದ ರೊಟ್ಟಿ ಹೋಗುತ್ತದೆ, ಮದುವೆ ಸೀಜನ್‌ನಲ್ಲಿ ಪುರುಸೊತ್ತಿಲ್ಲ. ಪಕ್ಕದ ಮನೆಯಲ್ಲಿ ಖಾಸಗಿ ಕಾಲೇಜಿನ ಲೆಕ್ಚರರ್ ಇದ್ದಾರೆ, ಸಂಬಳ 18 ಸಾವಿರ. ಅಕ್ಕಾರ ಗಳಿಕೆ ಅದಕ್ಕಿಂತ ಎಷ್ಟೋ ಜಾಸ್ತಿ. ಆದರೂ ಓಣಿಯವರೆಲ್ಲ ಅವರಿಗೆ ‘ಸರ್’ ಅಂತ ಎದ್ದು ನಿಲ್ಲುತ್ತಾರೆ, ಅಕ್ಕಾರ ಬಾಗಿಲಲ್ಲಿ ನಿಂತು ‘ಏ ರೊಟ್ಟಿ ಅಕ್ಕಾ’ ಅಂತ ಕೂಗುತ್ತಾರೆ. ಬ್ಯಾಂಕಿನಲ್ಲಿ ಸಾಲಕ್ಕೆ ಜಾಮೀನು ಬೇಕಾದಾಗ ಅಕ್ಕಾರು ಆ ಸರ್ ಹತ್ತಿರವೇ ಹೋಗಬೇಕಾಯಿತು, ಯಾಕೆಂದರೆ ಅವರ ಬಳಿ ಸ್ಯಾಲರಿ ಸ್ಲಿಪ್ ಇದೆ.

ಜಾತಿ ವಿಷಯ ಹೇಳದೇ ಬಿಟ್ಟರೆ ಈ ಪತ್ರ ಅರೆಬರೆ ಆಗುತ್ತದೆ. ನಮ್ಮ ಅವಳಿ ನಗರದಲ್ಲಿ ಬಾಡಿಗೆ ಮನೆ ಹುಡುಕಿದವರನ್ನು ಕೇಳಿ. ಮೊದಲು ಅಡ್ಡಹೆಸರು ಕೇಳುತ್ತಾರೆ, ಆಮೇಲೆ ಊಟ ಏನು ಅಂತ ಕೇಳುತ್ತಾರೆ, ಸಂಬಳದ ಮಾತು ಕೊನೆಗೆ, ಅದೂ ಮೊದಲೆರಡರಲ್ಲಿ ಪಾಸಾದರೆ. ಕೈತುಂಬ ಸಂಬಳ ಇದ್ದೂ ಮನೆ ಸಿಗದೆ ಅಲೆದವರ ಕರಾರು ಪತ್ರ ನಾನು ಟೈಪ್ ಮಾಡಿದ್ದೇನೆ, ಹೋಗಿ ಹೋಗಿ ಅವರಿಗೆ ಸಿಕ್ಕಿದ್ದು ತಮ್ಮವರ ಓಣಿಯಲ್ಲೇ. ಅವರ ವರ್ಗ ಯಾವುದು ಅಂತ ಸಂಬಳ ನೋಡಿ ಹೇಳಲಿಕ್ಕೆ ಬರುತ್ತದಾ?

ಇಷ್ಟೆಲ್ಲ ಇದ್ದರೂ ಯಾರನ್ನೇ ಕೇಳಿ, ‘ನಾವು ಮಿಡಲ್ ಕ್ಲಾಸ್ ಮಂದಿರಿ’ ಅನ್ನುತ್ತಾರೆ. ಗೋಕುಲ ರೋಡಿನಲ್ಲಿ ಶೋರೂಂ ಇದ್ದವರೂ ಅನ್ನುತ್ತಾರೆ, ಅವರು ಬೆಂಗಳೂರಿನ ಬೀಗರ ಜೊತೆ ಹೋಲಿಸಿಕೊಂಡಿರುತ್ತಾರೆ. ಆ ಶೋರೂಮಿನಲ್ಲಿ 11 ಸಾವಿರಕ್ಕೆ ನಿಲ್ಲುವ ಹುಡುಗಿಯೂ ಅನ್ನುತ್ತಾಳೆ, ಆಕೆಗೆ ಬಡವಿ ಅನಿಸಿಕೊಳ್ಳುವುದು ಬೇಡ. ಇಬ್ಬರನ್ನೂ ನಾನು ದೂರುವುದಿಲ್ಲ. ಆದರೆ ತೆರಿಗೆ ರಿಯಾಯಿತಿ ಬಂದಾಗ ಆ ಹುಡುಗಿಯ ಹೆಸರಿನಲ್ಲಿ ಶೋರೂಂ ಯಜಮಾನರಿಗೆ ಲಾಭ ಆಗುತ್ತದೆ, ಆಕೆಗೆ ಮೊದಲೂ ತೆರಿಗೆ ಇರಲಿಲ್ಲ, ಈಗಲೂ ಇಲ್ಲ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್‌ಗಳು ಎಪಿಎಲ್ ಆಗತೊಡಗಿದಾಗ ಮಾತ್ರ ಆಕೆಯ ಮನೆಯವರು ಆಧಾರ್ ಹಿಡಿದು ನನ್ನ ಅಂಗಡಿ ಮುಂದೆ ಪಾಳಿ ಹಚ್ಚಿದ್ದರು. ತೆರಿಗೆ ಕಟ್ಟುವವರು, ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡುತ್ತೇವೆ ಅಂತ ಆಮೇಲೆ ಸರ್ಕಾರ ಹೇಳಿತು. ಆ ನಡುವಿನ ದಿನಗಳಲ್ಲಿ ನನ್ನ ಅಂಗಡಿಯಲ್ಲಿ ಯಾರೂ ನಾವು ಮಿಡಲ್ ಕ್ಲಾಸ್ ಅನ್ನಲಿಲ್ಲ.

ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ನನಗೂ ಗೊತ್ತು. ಪ್ರತಿ ಮನೆಗೆ ಹೋಗಿ ಸಾಲ ಎಷ್ಟು, ಶುಗರ್ ಎಷ್ಟು ಅಂತ ತಹಶೀಲ್ದಾರರು ಅಳೆಯಲಿಕ್ಕಾಗುವುದಿಲ್ಲ. ಆದರೂ ಮಾಡಬಹುದಾದದ್ದು ಇದೆ. ಮಳೆ, ದರ ನಂಬಿದವರಿಗೆ ಒಂದು ವರ್ಷದ ಅಂಕಿ ಬಿಟ್ಟು ಮೂರು ವರ್ಷದ ಸರಾಸರಿ ಹಿಡಿಯಬಹುದು. ಬಿಪಿಎಲ್‌ನ 1.2 ಲಕ್ಷದ ಗೆರೆಯನ್ನು ಇವತ್ತಿನ ಕೂಲಿ ನೋಡಿ ಮೇಲೆತ್ತಬಹುದು, ಆಗ ಕೂಲಿಯವರು ಸುಳ್ಳು ಬರೆಸುವ ಪ್ರಸಂಗ ಬರುವುದಿಲ್ಲ, ನಾನು ಬರೆಯುವ ಪ್ರಸಂಗವೂ ಬರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಪಿಂಚಣಿ ಅಥವಾ ಖಾಯಂ ನೌಕರಿ ಇದೆಯಾ ಅಂತ ಒಂದೇ ಒಂದು ಕಾಲಂ ಸೇರಿಸಿದರೆ ಉಳಿದ ಹತ್ತು ಕಾಲಂಗಿಂತ ಜಾಸ್ತಿ ತಿಳಿಯುತ್ತದೆ.

ನಿಮ್ಮಲ್ಲಿ ಕೇಳುವುದು ಇದಕ್ಕಿಂತ ಸುಲಭದ್ದು. ಮಧ್ಯಮ ವರ್ಗ ಅಂತ ಮುಖಪುಟದಲ್ಲಿ ಹಾಕಿದಾಗ ಅದರ ಮುಂದೆ ಅಂಕಿ ಹಾಕಿ. ‘ವರ್ಷಕ್ಕೆ 12 ಲಕ್ಷದವರೆಗೆ ಗಳಿಸುವವರಿಗೆ ತೆರಿಗೆ ಇಲ್ಲ’ ಅಂತಲೇ ಬರೆಯಿರಿ, ಬಂಪರ್ ಯಾರಿಗೆ ಹೊಡೆಯಿತು ಅಂತ ಓದಿದವರು ತಾವೇ ನೋಡಿಕೊಳ್ಳುತ್ತಾರೆ. ಹಾಗೆಯೇ ಬಜೆಟ್ ದಿನ ಅಭಿಪ್ರಾಯ ಕೇಳಲು ನಿಮ್ಮ ವರದಿಗಾರರು ಪ್ರತಿ ವರ್ಷ ವಾಣಿಜ್ಯೋದ್ಯಮಿಗಳು ಮತ್ತು ಲೆಕ್ಕಪರಿಶೋಧಕರ ಹತ್ತಿರವೇ ಹೋಗುತ್ತಾರೆ. ಮುಂದಿನ ಸಲ ಒಬ್ಬರನ್ನಾದರೂ ಹಳೇ ಹುಬ್ಬಳ್ಳಿ ಕಡೆ ಕಳಿಸಿ. ಬೆಳಿಗ್ಗೆ ಹತ್ತರ ಮೇಲೆ ಬಂದರೆ ಒಳ್ಳೆಯದು, ಅದಕ್ಕೂ ಮೊದಲು ಸರ್ವರ್ ಇರುವುದಿಲ್ಲ.

ಇಂತಿ,
ಜೆರಾಕ್ಸ್ ಅಂಗಡಿಯವ,
ಹಳೇ ಹುಬ್ಬಳ್ಳಿ